ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಬೇಸಿಗೆ ಮೇಳ ಇಟ್ಟುಕೊಂಡಿದ್ದೆವು. ಮಕ್ಕಳಿಗೆ ಗೋಣಿಚೀಲದ ಓಟ ಮತ್ತು ನಿಂಬೆಹಣ್ಣು-ಚಮಚ, ರಂಗೋಲಿ ಸ್ಪರ್ಧೆ ಸಾಕಾಗಿದೆ ಎಂದು ಹೆಂಗಸರೇ ಹಟ ಹಿಡಿದಿದ್ದರಿಂದ ಅವರಿಗೆ ಲಗೋರಿ, ಹಿರಿಯರಿಗೆ ಚೌಕಾಬಾರ, ಎಲ್ಲರೂ ಸೇರಿ ಹಗ್ಗಜಗ್ಗಾಟ, ಸಂಜೆಗೆ ಅಂತ್ಯಾಕ್ಷರಿ, ಕೊನೆಗೆ ಊಟ. ಗೇಟಿನ ಪಕ್ಕ ಕಟ್ಟಿದ್ದ ಬ್ಯಾನರಿನಲ್ಲಿ 'ಎಲ್ಲ ವಯಸ್ಸಿನವರಿಗೂ, ಎಲ್ಲರಿಗೂ' ಎಂದು ದಪ್ಪ ಅಕ್ಷರದಲ್ಲಿತ್ತು. ಹಾಗೆ ಬರೆಸಿದವನು ನಾನೇ.

ನಿಂಬೆಹಣ್ಣಿನ ಓಟದಲ್ಲಿ ಹಣ್ಣು ಬೀಳುತ್ತಲೇ ಇರುತ್ತದೆ. ಬಿದ್ದ ಹಣ್ಣನ್ನು ಓಡಿ ಹೋಗಿ ಹೆಕ್ಕಿ ತಂದು, ಮತ್ತೆ ಗೆರೆಯ ಬಳಿ ನಿಂತವರಿಗೆ ಕೊಡುವ ಕೆಲಸವನ್ನು ಸುಮಾರು ಎಂಟು ವರ್ಷದ ಹುಡುಗಿಯೊಬ್ಬಳು ಮಾಡುತ್ತಿದ್ದಳು. ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಮೆಟ್ಟಿಲು ಗುಡಿಸುವ ಹೆಂಗಸಿನ ಮಗಳು ಅವಳು. ಶಾಲೆಗೆ ರಜೆ ಬಿದ್ದಿದ್ದರಿಂದ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ, ಅಮ್ಮನ ಜೊತೆ ಬರುತ್ತಿದ್ದಳು. ಬಹುಮಾನ ಹಂಚುವಾಗ ಒಂದು ಪೆನ್ಸಿಲ್ ಡಬ್ಬಿ ಉಳಿಯಿತು. 'ಸಹಾಯ ಮಾಡಿದ್ದಕ್ಕೆ' ಎಂದು ಅವಳನ್ನು ಕರೆದು ಕೊಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ತುಂಬ ಖುಷಿಯಾಯಿತು. ಡಬ್ಬಿ ಹಿಡಿದುಕೊಂಡು ಅಮ್ಮನ ಹತ್ತಿರ ಓಡಿದಳು.

ನನ್ನನ್ನು ಕಾಡಿದ್ದು ಆ ಖುಷಿಯೇ. ಅವಳು ಮುಖ ಸಣ್ಣಗೆ ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದರೆ ಯಾರಾದರೂ ಗಮನಿಸುತ್ತಿದ್ದರು, ಅವಳ ಕೈಗೂ ಒಂದು ಚಮಚ ಕೊಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳಿಗೆ ಯಾವ ದೂರೂ ಇರಲಿಲ್ಲ. ಆಟದ ಬಯಲಿನಲ್ಲಿ ತನ್ನ ಪಾಲಿಗೆ ಬರುವುದು ಹಣ್ಣು ಹೆಕ್ಕುವ ಕೆಲಸ ಎಂಬುದನ್ನು ಎಂಟನೆಯ ವಯಸ್ಸಿಗೇ ಆಕೆ ಕಲಿತಿದ್ದಳು. ಅದನ್ನು ನಗುನಗುತ್ತ ಮಾಡುವುದನ್ನೂ ಕಲಿತಿದ್ದಳು. ರಾತ್ರಿ ಮನೆಗೆ ಬಂದು ಹೆಸರು ನೋಂದಾಯಿಸಿದ ಹಾಳೆಗಳನ್ನು ಮತ್ತೆ ನೋಡಿದೆ. ಹೆಸರು, ವಯಸ್ಸು, ಫ್ಲ್ಯಾಟ್ ಸಂಖ್ಯೆ ಎಂದು ಮೂರು ಕಾಲಂ. ಅವಳಿಗೆ ಹೆಸರಿತ್ತು, ವಯಸ್ಸಿತ್ತು. ಮೂರನೆಯ ಕಾಲಂ ತುಂಬಲು ಅವಳ ಬಳಿ ಏನೂ ಇರಲಿಲ್ಲ. ಆ ಕಾಲಂ ಹಾಕಿದವನೂ ನಾನೇ. ಯಾರನ್ನೋ ಹೊರಗಿಡಬೇಕೆಂದು ಹಾಕಿದ್ದಲ್ಲ. ಊಟದ ಲೆಕ್ಕ ಸಿಗಲಿ ಎಂದು ಹಾಕಿದ್ದು.

ಕನ್ನಡದಲ್ಲಿ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈಗ ನಾವು ಇದನ್ನು ಯಾರನ್ನಾದರೂ ಹೀಗಳೆಯಲು ಬಳಸುತ್ತೇವೆ. ಮಂತ್ರಿಮಂಡಲದಲ್ಲಿ ಖಾತೆಯಿದ್ದೂ ಅಧಿಕಾರವಿಲ್ಲದವರಿಗೆ, ಸಮಿತಿಯಲ್ಲಿ ಸುಮ್ಮನೆ ಕೂತು ಎದ್ದುಹೋಗುವವರಿಗೆ ಅನ್ವಯಿಸುತ್ತೇವೆ. ಆದರೆ ಮಕ್ಕಳ ಬಾಯಲ್ಲಿ ಈ ಮಾತಿನ ಅರ್ಥ ಬೇರೆ, ಮತ್ತು ಅದು ಬಹಳ ಉದಾರವಾದದ್ದು. ಬೀದಿಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಯಾರದೋ ನಾಲ್ಕು ವರ್ಷದ ತಮ್ಮ ಅಳುತ್ತ ಬಂದು ಸೇರಿಕೊಳ್ಳುತ್ತಾನೆ. ಅವನನ್ನು ಓಡಿಸುವಂತಿಲ್ಲ. ಅವನಿಗೆ ನಿಯಮ ತಿಳಿಯುವುದಿಲ್ಲ, ಅವನ ಮೇಲೆ ನಿಯಮ ಹೇರುವಂತೆಯೂ ಇಲ್ಲ. ಆಗ ದೊಡ್ಡ ಮಕ್ಕಳು ಅವನಿಗೊಂದು ಸ್ಥಾನ ಸೃಷ್ಟಿಸುತ್ತಾರೆ. ಅವನು ಎಲ್ಲರಂತೆ ಓಡಬಹುದು, ಅಡಗಬಹುದು, ಕಿರುಚಬಹುದು. ಸಿಕ್ಕಿಬಿದ್ದರೆ ಮಾತ್ರ ಲೆಕ್ಕವಿಲ್ಲ. 'ಎಲ್ಲ ವಯಸ್ಸಿನವರಿಗೂ' ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿಯಮವನ್ನು ಯಾವ ಸಮಿತಿಯೂ ಮಾಡಿದಂತಿಲ್ಲ. ಯೋಗ್ಯತೆ ಇಲ್ಲದವನಿಗೂ ಜಾಗ ಇದೆ ಎಂಬುದೇ ಅದರ ಸಾರ.

ನಮ್ಮ ಮೇಳದಲ್ಲಿ ಆಗಿದ್ದು ಇದರ ತಿರುಗುಮುರುಗು. ಅಲ್ಲಿ ಕೆಲವರು ಲೆಕ್ಕಕ್ಕಿದ್ದರು, ಆಟಕ್ಕಿರಲಿಲ್ಲ. ಗೇಟಿನ ಕಾವಲುಗಾರ, ಗುಡಿಸುವ ಹೆಂಗಸು, ಅಡುಗೆಗೆ ಬಂದ ನಾಲ್ವರು, ಶಾಮಿಯಾನ ಕಟ್ಟಿದ ಹುಡುಗರು. ಇವರೆಲ್ಲ ಖರ್ಚಿನ ಪಟ್ಟಿಯಲ್ಲಿ ಕಾಣಿಸುತ್ತಾರೆ. ಇಂತಿಷ್ಟು ಜನ, ಇಂತಿಷ್ಟು ಹಣ. ಲೆಕ್ಕ ಚೊಕ್ಕವಾಗಿದೆ, ಯಾರಿಗೂ ಬಾಕಿ ಉಳಿಸಿಕೊಂಡಿಲ್ಲ. ಹಗ್ಗಜಗ್ಗಾಟದಲ್ಲಿ ಒಂದು ಕಡೆ ಒಬ್ಬರು ಕಡಿಮೆ ಬಿದ್ದಾಗ ಹುಡುಗನೊಬ್ಬ ಕಾವಲುಗಾರನನ್ನು ಕೂಗಿ ಕರೆದ. ಆತ ನಕ್ಕು, 'ಡ್ಯೂಟಿಲಿದೀನಿ ಮರಿ' ಎಂದ. ಆತನಿಗೂ ಅದು ಸಹಜ, ನಮಗೂ ಸಹಜ. ಆಡಲು ಯಾರೂ ಅಡ್ಡಿ ಮಾಡಲಿಲ್ಲ, ಆದರೂ ಆತ ಆಡುವಂತಿರಲಿಲ್ಲ.

ಹೀಗಾಗಿ ನನ್ನ ಪ್ರಶ್ನೆ ಇದು. ಸಮುದಾಯದ ಮನರಂಜನೆ ಎನ್ನುತ್ತೇವಲ್ಲ, ಬೇಸಿಗೆ ಶಿಬಿರ, ಮೇಳ, ಆಟೋಟ, ಅದರಲ್ಲಿ ಸಮುದಾಯ ಎಂದರೆ ಯಾರು? ಆಡುವವರೋ, ಆಟ ನಡೆಯುವಂತೆ ಮಾಡುವವರೂ ಸೇರಿಯೋ? ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುವಾಗ, ದುಡಿದವರಿಗೆ ಕೂಲಿ ಕೊಟ್ಟರೆ ಋಣ ತೀರಿತೇ?

ಈ ಪ್ರಶ್ನೆ ಹೊಸದಲ್ಲ. ಇಂಗ್ಲಿಷಿನ 'ಸ್ಕೂಲ್' ಎಂಬ ಪದದ ಮೂಲ ಗ್ರೀಕಿನ 'ಸ್ಕೋಲೆ', ಅದರ ಅರ್ಥ ಬಿಡುವು. ಈಗ ಬಿಡುವು ಬೇಕೆಂದು ನಾವು ಸ್ಕೂಲಿಗೆ ರಜೆ ಕೊಡುವುದು ಬೇರೆ ಮಾತು. ಅರಿಸ್ಟಾಟಲನ ಪ್ರಕಾರ ನಾವು ದುಡಿಯುವುದೇ ಬಿಡುವಿಗಾಗಿ. ಬಿಡುವು ದಣಿವಾರಿಸಿಕೊಳ್ಳುವ ಸಮಯವಲ್ಲ, ಮನುಷ್ಯ ತನ್ನ ಪೂರ್ಣತೆಯಲ್ಲಿ ಬದುಕುವ ಸಮಯ. ಓದಲು ಚೆನ್ನಾಗಿದೆ. ಆದರೆ ಅದೇ ಅರಿಸ್ಟಾಟಲ್ ಗುಲಾಮಗಿರಿಯನ್ನು ಸಮರ್ಥಿಸಿದವನು. ಮಗ್ಗದ ಲಾಳಿಗಳು ತಾವಾಗಿಯೇ ನೇಯುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂದೂ ಆತ ತನ್ನ 'ರಾಜಕೀಯ' ಗ್ರಂಥದಲ್ಲಿ ಬರೆದಿದ್ದಾನೆ. ಈಗ ಲಾಳಿಗಳು ತಾವಾಗಿ ನೇಯುತ್ತವೆ. ಬಟ್ಟೆ ತಾನಾಗಿ ಒಗೆದುಕೊಳ್ಳುತ್ತದೆ, ಹಿಟ್ಟು ತಾನಾಗಿ ರುಬ್ಬಿಕೊಳ್ಳುತ್ತದೆ. ಆದರೂ ನಮ್ಮ ಮೇಳದ ದಿನ ಗೇಟಿನ ಬಳಿ ಒಬ್ಬ ನಿಂತೇ ಇದ್ದ. ಬರ್ಟ್ರಂಡ್ ರಸೆಲ್ 1932ರಲ್ಲಿ ಆಲಸ್ಯವನ್ನು ಹೊಗಳಿ ಬರೆದ ಪ್ರಬಂಧದಲ್ಲಿ ದಿನಕ್ಕೆ ನಾಲ್ಕು ಗಂಟೆ ದುಡಿದರೆ ಸಾಕು ಎಂದು ವಾದಿಸಿದ. ಸೋಮಾರಿಗಳ ಪರವಾದ ತಮಾಷೆಯ ವಾದ ಎಂದು ಅದನ್ನು ಓದುವವರೇ ಹೆಚ್ಚು. ನಿಜದಲ್ಲಿ ಅದು ಹಂಚಿಕೆಯ ವಾದ. ಬಿಡುವು ಜಗತ್ತಿನಲ್ಲಿ ಬೇಕಾದಷ್ಟಿದೆ, ಕೆಲವರ ಬಳಿ ಗುಡ್ಡೆ ಬಿದ್ದಿದೆ, ಅಷ್ಟೆ.

ನಮ್ಮ ಸಂವಿಧಾನವೂ ಈ ವಿಷಯ ಮಾತಾಡಿದೆ ಎಂಬುದು ನನಗೆ ತಡವಾಗಿ ತಿಳಿಯಿತು. 43ನೆಯ ವಿಧಿಯನ್ನು ನಾವು ಜೀವನ ವೇತನದ ವಿಧಿ ಎಂದು ನೆನಪಿಟ್ಟುಕೊಂಡಿರುತ್ತೇವೆ. ಆದರೆ ಅದು ವೇತನಕ್ಕೆ ನಿಲ್ಲುವುದಿಲ್ಲ. ಹೊಲದಲ್ಲಿ ದುಡಿಯುವವರಿಗೂ ಕಾರ್ಖಾನೆಯಲ್ಲಿ ದುಡಿಯುವವರಿಗೂ ಬೇರೆಲ್ಲ ಕಾರ್ಮಿಕರಿಗೂ ವಿರಾಮವನ್ನು ಪೂರ್ಣವಾಗಿ ಅನುಭವಿಸುವ, ಸಾಮಾಜಿಕ ಮತ್ತು ಸಾಂಸ್ಕೃತಿಕ ಅವಕಾಶಗಳನ್ನು ಪಡೆಯುವ ಸ್ಥಿತಿಯನ್ನು ಒದಗಿಸಲು ಸರ್ಕಾರ ಯತ್ನಿಸಬೇಕು ಎನ್ನುತ್ತದೆ. ಇದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳುವಂತಿಲ್ಲ. ಆದರೂ ಸಂವಿಧಾನ ಬರೆದವರಿಗೆ ಕೂಲಿ ಮತ್ತು ಬಿಡುವು ಎರಡು ಬೇರೆ ಬೇರೆ ವಸ್ತುಗಳು, ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ಸಂದಾಯವಾಗುವುದಿಲ್ಲ ಎಂಬುದು ಸ್ಪಷ್ಟವಿತ್ತು. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 31ನೆಯ ವಿಧಿ ಆಟವನ್ನೂ ವಿಶ್ರಾಂತಿಯನ್ನೂ ಮಕ್ಕಳ ಹಕ್ಕು ಎಂದಿದೆ. 1992ರಲ್ಲಿ ಭಾರತ ಅದನ್ನು ಒಪ್ಪಿಕೊಂಡಿದೆ. ನಿಂಬೆಹಣ್ಣು ಹೆಕ್ಕಿದ ಹುಡುಗಿಗೆ ನಾವು ಕೊಟ್ಟದ್ದು ಬಹುಮಾನ. ಅವಳಿಗೆ ಬರಬೇಕಾಗಿದ್ದದ್ದು ಒಂದು ಚಮಚ.

ಬೇಸಿಗೆ ಎಂದರೆ ರಜೆ ಎಂಬ ನಮ್ಮ ಸಮೀಕರಣವೇ ಎಲ್ಲರದೂ ಅಲ್ಲ. ಕಲಬುರಗಿ ಕಡೆ ಏಪ್ರಿಲ್ ಬಂತೆಂದರೆ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ. ಅದೇ ಬಿಸಿಲಲ್ಲಿ ಉದ್ಯೋಗ ಖಾತರಿಯ ಕೆರೆ ಹೂಳು ಎತ್ತುವ ಕೆಲಸವೂ ನಡೆಯುತ್ತದೆ, ಯಾಕೆಂದರೆ ಹೊಲದಲ್ಲಿ ಕೆಲಸವಿಲ್ಲದ ಕಾಲ ಅದು. ಅಂಥ ಮನೆಯ ಮಗುವಿಗೆ ರಜೆ ಎಂದರೆ ಬಿಸಿಯೂಟ ನಿಲ್ಲುವ ಎರಡು ತಿಂಗಳು. ಬರಗಾಲದ ವರ್ಷಗಳಲ್ಲಿ ಸರ್ಕಾರ ರಜೆಯಲ್ಲೂ ಬಿಸಿಯೂಟ ಕೊಟ್ಟದ್ದಿದೆ, ಅದಕ್ಕೆ ಕಾರಣ ಇದೇ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಹಳೆಯ ಗ್ರಂಥಾಲಯಗಳಲ್ಲಿ, ಈಚಿನ ವರ್ಷಗಳಲ್ಲಿ ಮಕ್ಕಳಿಗೆ ಉಚಿತ ಬೇಸಿಗೆ ಶಿಬಿರಗಳು ನಡೆಯುತ್ತಿವೆ. ಚಿತ್ರ ಬರೆಯುವುದು, ಕಥೆ ಹೇಳುವುದು, ಕಾಗದದ ಗೊಂಬೆ, ಒಂದಿಷ್ಟು ಕೇರಂ. ನಗರದ ದುಬಾರಿ ಶಿಬಿರಗಳ ಪಕ್ಕದಲ್ಲಿ ಇವು ಮಂಕಾಗಿ ಕಾಣಬಹುದು. ಆದರೆ ಅಪ್ಪ ಅಮ್ಮ ಇಬ್ಬರೂ ಬಿಸಿಲಲ್ಲಿ ಮಣ್ಣು ಹೊರುತ್ತಿರುವಾಗ ನೆರಳಲ್ಲಿ ಕೂತು ಕಥೆ ಕೇಳುವ ಮಗುವಿಗೆ ಆ ಕೋಣೆ ಏನು ಎಂಬುದನ್ನು ಶುಲ್ಕದಿಂದ ಅಳೆಯಲಾಗದು.

ಹಿಂದೆ ಹೀಗಿರಲಿಲ್ಲ, ಊರೆಲ್ಲ ಒಟ್ಟಿಗೆ ನಲಿಯುತ್ತಿತ್ತು ಎಂಬ ಮಾತು ಇಲ್ಲಿ ಬರುತ್ತದೆ. ನಾನೂ ಅದನ್ನು ಬಹಳ ವರ್ಷ ನಂಬಿದ್ದೆ. ಒಂದಿಷ್ಟು ನಿಜವೂ ಇದೆ. ರಾಮನವಮಿಯ ದಿನ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಓಡಾಡಿದರೆ ತಿಳಿಯುತ್ತದೆ. ಬೀದಿಬದಿಯ ಪೆಂಡಾಲಿನಲ್ಲಿ ಪಾನಕ, ನೀರು ಮಜ್ಜಿಗೆ, ಕೋಸಂಬರಿ. ಚಾಚಿದ ಕೈಗೆ ಲೋಟ ಬರುತ್ತದೆ, ಆ ಕೈಯ ವಿಳಾಸವನ್ನು ಯಾರೂ ಕೇಳುವುದಿಲ್ಲ. ಆಟೋದವರು, ಕೊರಿಯರಿನ ಹುಡುಗರು, ಬಸ್ಸಿಗೆ ಕಾಯುತ್ತಿರುವವರು ಎಲ್ಲರೂ ನಿಂತು ಕುಡಿದು ಹೋಗುತ್ತಾರೆ. ಬಡಿಸುವವರೂ ಅದೇ ಬೀದಿಯವರು, ತಾವೂ ನಡುನಡುವೆ ಒಂದು ಲೋಟ ಕುಡಿಯುತ್ತ ಬಡಿಸುತ್ತಾರೆ. ಅಲ್ಲಿ ಫಾರಂ ಇಲ್ಲ, ಮೂರನೆಯ ಕಾಲಂ ಇಲ್ಲ.

ಆದರೆ ಹಳೆಯದನ್ನು ನೆನೆಯುವಾಗ ನಾವು ಆಟ ನೋಡಿದವರ ಕಣ್ಣಿನಿಂದ ನೆನೆಯುತ್ತೇವೆ, ಆ ಹೊತ್ತಿಗೆ ಅಡುಗೆಮನೆಯಲ್ಲಿ ಇದ್ದವರ ಕಣ್ಣಿನಿಂದಲ್ಲ. ನನ್ನ ತಾಯಿಯ ಊರು ದಕ್ಷಿಣ ಕನ್ನಡದ ಒಂದು ಹಳ್ಳಿ. ಬೇಸಿಗೆ ರಜೆಯಲ್ಲಿ ನಾವು ಹದಿನೈದು ಮೊಮ್ಮಕ್ಕಳು ಅಲ್ಲಿ ಸೇರುತ್ತಿದ್ದೆವು. ಹಪ್ಪಳ ಒಣಗಿಸುವ ಚಾಪೆಯ ಬಳಿ ಕೋಲು ಹಿಡಿದು ಕಾಗೆ ಓಡಿಸುವುದು, ಓಡಿಸುವ ನೆಪದಲ್ಲಿ ಅರೆ ಒಣಗಿದ ಹಪ್ಪಳ ತಿನ್ನುವುದು, ಮಧ್ಯಾಹ್ನ ಹಲಸಿನ ತೊಳೆ, ಸಂಜೆ ತೋಡಿನ ನೀರು. ಎಲ್ಲಕ್ಕಿಂತ ದೊಡ್ಡ ಸಂಗತಿ ಎಂದರೆ ಬಯಲಾಟ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದಕ್ಕೆ ಮುಂಚಿನ ವಾರಗಳಲ್ಲಿ ಯಾರಾದರೊಬ್ಬರ ಹರಕೆಯ ಆಟ ಆಸುಪಾಸಿನ ಗದ್ದೆಯಲ್ಲಿ ಇದ್ದೇ ಇರುತ್ತಿತ್ತು. ಟಿಕೇಟಿಲ್ಲ, ಗೋಡೆಯಿಲ್ಲ. ಹಸುಗೂಸಿನಿಂದ ಹಿಡಿದು ಕೋಲೂರುವವರ ತನಕ ಚಾಪೆ ಹಿಡಿದುಕೊಂಡು ಬರುತ್ತಿದ್ದರು. ಮಕ್ಕಳು ಕೋಡಂಗಿ ನೋಡಿ ನಕ್ಕು, ಚರುಂಬುರಿ ತಿಂದು, ನಿದ್ದೆಹೋಗಿ, ಚೆಂಡೆಯ ಸದ್ದಿಗೆ ಎದ್ದು ಕೂತು, ಬೆಳಗಿನ ಮಂಗಳದ ಹೊತ್ತಿಗೆ ಮತ್ತೆ ನಿದ್ದೆಯಲ್ಲಿರುತ್ತಿದ್ದರು. ಗೋಡೆ ಇಲ್ಲದಿದ್ದರೂ ಗೆರೆ ಇತ್ತು ಎಂಬುದನ್ನು ಮರೆಯಬಾರದು. ಯಾರು ಮುಂದೆ ಕುರ್ಚಿಯಲ್ಲಿ, ಯಾರು ನೆಲದ ಮೇಲೆ, ಯಾರು ಗದ್ದೆಯ ಬದುವಿನಾಚೆ ನಿಂತು ನೋಡಬೇಕು ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ನಮ್ಮ ಅಜ್ಜಿಗೆ ಆಟವೆಂದರೆ ಪ್ರಾಣ. ಆದರೆ ಆಟದ ದಿನ ಮನೆತುಂಬ ನೆಂಟರು. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಮರುದಿನದ ದೋಸೆಗೆ ಅರೆದಿಟ್ಟು ಅವರು ಹೊರಡುವಾಗ ರಾತ್ರಿ ಹನ್ನೊಂದು ಕಳೆದಿರುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದುಬಿಡುತ್ತಿದ್ದರು. ಹಟ್ಟಿಯಲ್ಲಿ ಹಸು ಕರೆಯಬೇಕು, ಬಚ್ಚಲ ಒಲೆಗೆ ಬೆಂಕಿ ಹಾಕಬೇಕು, ಆಟ ಮುಗಿಸಿ ಬರುವವರಿಗೆ ಬಿಸಿನೀರೂ ಕಾಫಿಯೂ ಆಗಿರಬೇಕು. ಹರಕೆಯ ಆಟಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ದೇವಿ ಮಹಾತ್ಮೆ. ನಡುರಾತ್ರಿ ದಾಟಿದ ಮೇಲೆ ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಅಬ್ಬರಿಸುತ್ತ ಬರುವುದನ್ನು ಅಜ್ಜಿ ಎಷ್ಟೋ ಸಲ ನೋಡಿದ್ದರು. ಬೆಳಗಿನ ಹೊತ್ತಿಗೆ ರಕ್ತಬೀಜ ಸಾಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಮೊದಲಿನ ಬಾಲಗೋಪಾಲರ ಕುಣಿತವನ್ನೂ ನೋಡಿರಲಿಲ್ಲ. ಅವರ ಪಾಲಿಗೆ ಎಲ್ಲ ಪ್ರಸಂಗಗಳಿಗೂ ನಡು ಮಾತ್ರ ಇತ್ತು. ಕಥೆ ಗೊತ್ತಿಲ್ಲವೆಂದಲ್ಲ, ನಮಗೆಲ್ಲ ಕಥೆ ಹೇಳಿದವರೇ ಅವರು. ನೋಡಿದ್ದು ಮಾತ್ರ ನಡು.

ಅಜ್ಜಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಆದರೆ ಪ್ರೀತಿ ಗೌರವಗಳಿಗೆ ಕಡಿಮೆಯಿರಲಿಲ್ಲ. ಕಾವಲುಗಾರನಿಗೆ ಕೂಲಿ ಸಿಗುತ್ತದೆ. ಇಬ್ಬರ ಸ್ಥಿತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಒಂದು ವಿಷಯದಲ್ಲಿ ಅವರು ಒಂದೇ. ಇಬ್ಬರಿಗೂ ಪಾಳಿ ಬದಲಾಗುವುದಿಲ್ಲ.

ಪಾಳಿ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಆಟ ಎಂದರೇನು ಎಂದು ಕೇಳಿದರೆ ವಿದ್ವಾಂಸರು ನಿಯಮ, ಸ್ವಾತಂತ್ರ್ಯ, ನಿರುಪಯೋಗ ಎಂದು ಲಕ್ಷಣ ಹೇಳುತ್ತಾರೆ. ಡಚ್ ಚಿಂತಕ ಹ್ಯೂಜಿಂಗ 1938ರಲ್ಲಿ ಬರೆದ 'ಹೋಮೋ ಲೂಡೆನ್ಸ್' ಇಂಥ ಚರ್ಚೆಗಳಿಗೆ ದಾರಿ ಹಾಕಿದ ಪುಸ್ತಕ. ನನಗೆ ಅವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸರದಿ. ಕಣ್ಣಾಮುಚ್ಚಾಲೆಯಲ್ಲಿ ಒಬ್ಬ ಕಣ್ಣುಮುಚ್ಚಿ ನಿಲ್ಲಬೇಕು, ಬೇರೆಯವರು ಅಡಗಿ ನಗುತ್ತಿರುವಾಗ ಅವನು ಬಿಸಿಲಲ್ಲಿ ಹುಡುಕಬೇಕು. ಅದು ಕಷ್ಟದ ಕೆಲಸ, ಒಂಟಿ ಕೆಲಸ. ಆ ಕೆಲಸ ಇಲ್ಲದೆ ಆಟವೇ ಇಲ್ಲ. ಆದರೆ ಆ ಕೆಲಸ ಯಾರದೂ ಸ್ವಂತದ್ದಲ್ಲ. ಅಂಗೈಯನ್ನು ಮೇಲೆ ಕೆಳಗೆ ಮಾಡಿ ಮೊದಲ ಸರದಿ ಯಾರದೆಂದು ತೀರ್ಮಾನಿಸುತ್ತೇವೆ. ಸಿಕ್ಕಿಬಿದ್ದವನು ಮುಂದಿನ ಸಲ ಹುಡುಕುತ್ತಾನೆ. ಒಬ್ಬನನ್ನೇ ಮತ್ತೆ ಮತ್ತೆ ಹುಡುಕಲು ಬಿಟ್ಟರೆ ಐದು ವರ್ಷದ ಮಗುವಿಗೂ 'ಇದು ಮೋಸ' ಎಂದು ಹೊಳೆಯುತ್ತದೆ. ಮಗುವಿಗೆ ಆಟದಲ್ಲಿ ಹೊಳೆಯುವ ಈ ನ್ಯಾಯ ಆಟ ಏರ್ಪಡಿಸುವ ದೊಡ್ಡವರಿಗೆ ಹೊಳೆಯುವುದಿಲ್ಲ. ಆಟದ ಒಳಗೆ ಸರದಿ ಇದೆ, ಆಟದ ಸುತ್ತ ಸರದಿ ಇಲ್ಲ.

ರಂಗಶಿಬಿರಗಳಲ್ಲಿ ಇದು ಸ್ವಲ್ಪ ಬೇರೆ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿಣ್ಣರ ಮೇಳ ಮಕ್ಕಳ ನಾಟಕಗಳೊಂದಿಗೆ ಮುಗಿಯುತ್ತದೆ. ಯಾವುದೇ ಮಕ್ಕಳ ನಾಟಕವನ್ನು ಗಮನಿಸಿ ನೋಡಿ. ರಾಜನಾದವನು ಮುಂದಿನ ದೃಶ್ಯದಲ್ಲಿ ಮರವಾಗಿ ನಿಂತಿರುತ್ತಾನೆ. ಪರದೆ ಹಿಡಿದವಳು ಕೊನೆಗೆ ಎಲ್ಲರ ಜೊತೆ ಬಂದು ಕೈ ಮುಗಿಯುತ್ತಾಳೆ. ರಂಗಭೂಮಿಯ ಒಳ್ಳೆಯ ತಾಲೀಮಿನಲ್ಲಿ ನಟನೂ ರಂಗ ಗುಡಿಸುತ್ತಾನೆ. ಅಲ್ಲಿ ಗುಡಿಸುವುದು ನಾಟಕದ ಹೊರಗಿನ ಕೆಲಸವಲ್ಲ, ನಾಟಕದ ಮೊದಲ ಅಂಕ. ನಾಟಕದವರು ಇದನ್ನು ನೀತಿಪಾಠವಾಗಿ ಹೇಳುವುದಿಲ್ಲ. ಬೇರೆ ದಾರಿಯಿಲ್ಲದೆ ಹಾಗೆ ಮಾಡುತ್ತಾರೆ, ಅದರಿಂದ ಕಲಿಯುತ್ತಾರೆ.

ಈ ವರ್ಷದ ಮೇಳಕ್ಕೆ ಸಭೆ ಸೇರಿದಾಗ ನಾನು ಎರಡು ಸೂಚನೆ ಮುಂದಿಟ್ಟೆ. ಫಾರಂನಲ್ಲಿ ಫ್ಲ್ಯಾಟ್ ಸಂಖ್ಯೆ ಬೇಡ. ಆ ದಿನ ಸಂಜೆ ನಾಲ್ಕರಿಂದ ಏಳರ ತನಕ ಗೇಟು ಕಾಯುವುದು, ಬಡಿಸುವುದು, ಗುಡಿಸುವುದು ಇವೆಲ್ಲ ನಿವಾಸಿಗಳ ಪಾಳಿ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಕೆಲಸದವರಿಗೆ ಆ ಮೂರು ಗಂಟೆ ಸಂಬಳ ಸಹಿತ ಬಿಡುವು.

ವಿರೋಧ ಬಂತು, ಬಂದದ್ದು ಒಳ್ಳೆಯದೇ ಆಯಿತು. ಒಬ್ಬರು ಹೇಳಿದರು, ಅವರಿಗೆ ನಾವು ಹಣ ಕೊಡುತ್ತೇವಲ್ಲ, ಬೇಕಾದರೆ ಆ ದಿನ ಇನ್ನಷ್ಟು ಕೊಡೋಣ. ಇದು ತಳ್ಳಿಹಾಕುವ ಮಾತಲ್ಲ. ದುಡಿಯುವವನಿಗೆ ನಮ್ಮ ತತ್ವಜ್ಞಾನಕ್ಕಿಂತ ಐನೂರು ರೂಪಾಯಿ ಹೆಚ್ಚು ಉಪಯೋಗಕ್ಕೆ ಬರಬಹುದು. ಹೆಚ್ಚು ಹಣವನ್ನೂ ಕೊಡೋಣ ಎಂದೆ. ಆದರೆ ಹಣ ಲೆಕ್ಕಕ್ಕೆ ಸೇರುತ್ತದೆ, ಆಟಕ್ಕೆ ಸೇರಿಸುವುದಿಲ್ಲ. ಇನ್ನೊಬ್ಬ ಹಿರಿಯರ ಆಕ್ಷೇಪ ಹೆಚ್ಚು ಗಟ್ಟಿಯಾಗಿತ್ತು. 'ನೀವು ಅವರನ್ನು ಕರೆದು ಆಡಿಸುತ್ತೀರಿ, ಫೋಟೊ ತೆಗೆಯುತ್ತೀರಿ. ಅವರಿಗೆ ಮುಜುಗರ, ನಿಮಗೆ ಪುಣ್ಯ. ಅದಕ್ಕಿಂತ ಅವರನ್ನು ಅವರ ಪಾಡಿಗೆ ಬಿಡುವುದು ಮರ್ಯಾದೆಯಲ್ಲವೇ?' ಎಂದರು. ಇದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದ ಮೇಲೆ ಅನ್ನಿಸಿದ್ದು, ಅವರು ಹೇಳಿದ್ದರಲ್ಲಿಯೇ ಉತ್ತರ ಇದೆ. ಅವರ ಪಾಡಿಗೆ ಬಿಡುವುದೇ ಆಗಬೇಕಾದದ್ದು. ಬಿಡುವು ಎಂಬ ಪದ ಹುಟ್ಟಿದ್ದೇ 'ಬಿಡು' ಎಂಬುದರಿಂದ. ನಾವು ಕೊಡಬಹುದಾದದ್ದು ಆಹ್ವಾನವಲ್ಲ, ಸಮಯ. ಆಡು ಎಂದು ಕರೆಯುವುದು ಸುಲಭ. ನಿನ್ನ ಜಾಗದಲ್ಲಿ ನಾನು ನಿಲ್ಲುತ್ತೇನೆ, ನೀನು ಏನು ಬೇಕಾದರೂ ಮಾಡು ಎನ್ನುವುದು ಕಷ್ಟ, ಯಾಕೆಂದರೆ ಅದಕ್ಕೆ ನಾವು ಆಟ ಬಿಟ್ಟು ಎದ್ದುಹೋಗಬೇಕಾಗುತ್ತದೆ.

ಸಂಜೆಯ ವರದಿ ಹೀಗಿದೆ. ಪಾಳಿಯ ಪಟ್ಟಿಯಲ್ಲಿ ಹೆಸರು ಕೊಟ್ಟವರಲ್ಲಿ ಮೂವರು ಬರಲಿಲ್ಲ. ಗೇಟಿನಲ್ಲಿ ನಿಂತ ನನಗೆ ರಿಜಿಸ್ಟರ್ ಬರೆಯುವುದು ಬರಲಿಲ್ಲ, ಎರಡು ಪಾರ್ಸೆಲ್ ತಪ್ಪು ಮನೆಗೆ ಹೋದವು. ಯಾವ ಕಾರು ಯಾರದೆಂದು ತಿಳಿಯದೆ ಒಬ್ಬ ನಿವಾಸಿಯನ್ನೇ ತಡೆದು ಬೈಸಿಕೊಂಡೆ. ಅರ್ಧ ಗಂಟೆಯಲ್ಲಿ ಕಾಲು ನೋಯಲು ಶುರುವಾಯಿತು. ಅಲ್ಲಿ ಒಂದು ಕುರ್ಚಿಯನ್ನೂ ಇಟ್ಟಿಲ್ಲ ಎಂಬುದು ಐದು ವರ್ಷದಲ್ಲಿ ಮೊದಲ ಬಾರಿಗೆ ಗಮನಕ್ಕೆ ಬಂತು. ಗುಡಿಸುವವರ ಮನೆಯಿಂದ, ಅಡುಗೆಯವರ ಕಡೆಯಿಂದ ನಾಲ್ಕಾರು ಮಕ್ಕಳು ಬಂದಿದ್ದರು. ಮೊದಲು ದೂರ ನಿಂತರು, ಗೋಣಿಚೀಲದ ಓಟದ ಹೊತ್ತಿಗೆ ಯಾರು ಎಲ್ಲಿಯವರು ಎಂಬುದು ಮಕ್ಕಳಿಗೆ ಮರೆತುಹೋಗಿತ್ತು. ದೊಡ್ಡವರಿಗೆ ಮರೆಯಲಿಲ್ಲ. ಹೋದ ವರ್ಷದ ಆ ಹುಡುಗಿ ಮಾತ್ರ ಇರಲಿಲ್ಲ. ಅವಳ ಅಮ್ಮ ಬೇರೆ ಕಡೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಎಲ್ಲಿ ಎಂದು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಕೆಲವು ತಪ್ಪುಗಳನ್ನು ಮುಂದಿನವರ ವಿಷಯದಲ್ಲಿ ತಿದ್ದಿಕೊಳ್ಳಬಹುದು, ಅಷ್ಟೆ.

ಕಾವಲುಗಾರ ಹಗ್ಗ ಹಿಡಿಯಲಿಲ್ಲ. ಚೌಕಾಬಾರಕ್ಕೂ ಕೂರಲಿಲ್ಲ. ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಟವೆಲ್ ಹಾಸಿಕೊಂಡು ಎರಡೂವರೆ ಗಂಟೆ ನಿದ್ದೆ ಮಾಡಿದ. ಸಮಿತಿಯ ಕೆಲವರಿಗೆ ಬೇಸರವಾಯಿತು. ಇಷ್ಟೆಲ್ಲ ಮಾಡಿದ್ದು ಮಲಗುವುದಕ್ಕೋ ಎಂದರು. ಅದಕ್ಕೇ ಎಂದು ನನಗನ್ನಿಸಿತು. ಅವನ ಬಿಡುವು ಹೇಗಿರಬೇಕೆಂದು ನಿರ್ಧರಿಸುವವರು ನಾವಾದರೆ ಅದು ಇನ್ನೊಂದು ಡ್ಯೂಟಿ.

ಒಂದು ಸಂಜೆಯ ಅರ್ಧ ಗಂಟೆ ಯಾರ ಬದುಕನ್ನೂ ಬದಲಿಸುವುದಿಲ್ಲ ಎಂಬುದು ನನಗೆ ಗೊತ್ತಿದೆ. ಮರುದಿನ ಬೆಳಿಗ್ಗೆ ಆತ ಗೇಟಿಗೆ, ನಾನು ಲ್ಯಾಪ್‌ಟಾಪಿಗೆ. ಕುರ್ಚಿಯೊಂದು ಬಂದಿದೆ, ಅಷ್ಟು ಮಟ್ಟಿಗೆ ಲಾಭ. ಆದರೆ 'ಎಲ್ಲರಿಗೂ' ಎಂಬ ಪದವನ್ನು ಇನ್ನು ಮುಂದೆ ಬ್ಯಾನರಿನಲ್ಲಿ ಬರೆಸುವ ಮೊದಲು ಎಷ್ಟು ಜನ ಬರುತ್ತಾರೆ ಎಂದು ಎಣಿಸುವ ಬದಲು, ಆ ಹೊತ್ತಿನಲ್ಲಿ ಯಾರು ಎದ್ದು ನಿಂತಿರಬೇಕಾಗುತ್ತದೆ ಎಂದು ಎಣಿಸುತ್ತೇನೆ. ಅವರ ಸರದಿ ಯಾವಾಗ ಮುಗಿಯುತ್ತದೆ, ಮುಂದಿನ ಸರದಿ ಯಾರದು ಎಂಬುದಕ್ಕೆ ಉತ್ತರ ಇದ್ದರೆ ಅದು ಸಮುದಾಯದ ಮೇಳ. ಇಲ್ಲದಿದ್ದರೆ ಕೆಲವರ ಆಟ, ಕೆಲವರ ಲೆಕ್ಕ.

ಗೇಟಿನಲ್ಲಿ ನಿಂತಿದ್ದಾಗ ಒಳಗಿನಿಂದ ಅಂತ್ಯಾಕ್ಷರಿಯ ಹಾಡು ತುಂಡುತುಂಡಾಗಿ ಕೇಳುತ್ತಿತ್ತು. ಎಲ್ಲಿ ಶುರುವಾಯಿತು, ಯಾರು ಗೆದ್ದರು, ತಿಳಿಯುತ್ತಿರಲಿಲ್ಲ. ಆಗ ಅಜ್ಜಿ ನೆನಪಾದರು. ಅವರು ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯಿತು. ಆ ಮನೆಯಲ್ಲಿ ನಾವು ಹದಿನೈದು ಮೊಮ್ಮಕ್ಕಳಿದ್ದೆವು, ಮಾವಂದಿರಿದ್ದರು, ನೆಂಟರಿದ್ದರು. ಒಂದು ಆಟದ ದಿನ, ಒಂದೇ ಒಂದು ದಿನ, 'ನೀವು ಕೂತು ಮಂಗಳ ನೋಡಿ ಬನ್ನಿ' ಎಂದು ಯಾರೂ ಹೇಳಲಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕಲು ನನಗೆ ಹದಿಮೂರನೆಯ ವಯಸ್ಸಿಗೇ ಬರುತ್ತಿತ್ತು.